ಘಾಟಿ ಹತ್ತುವಾಗ ಪಿ0234, ಓವರ್‌ಬೂಸ್ಟ್: ವೇಸ್ಟ್‌ಗೇಟ್ ಹಿಡಿದುಕೊಳ್ತಿದೆಯಾ?

ಮಲೆನಾಡ್ ಡೀಸೆಲ್:
ಎಲ್ಲರಿಗೂ ನಮಸ್ಕಾರ. 2012ರ 1.3 ಲೀಟರ್ ಡೀಸೆಲ್ ಹ್ಯಾಚ್‌ಬ್ಯಾಕ್, ಸೆಕೆಂಡ್ ಹ್ಯಾಂಡ್ ತಗೊಂಡಿದ್ದು, 1.18 ಲಕ್ಷ ಕಿ.ಮೀ. ಆಗಿದೆ. ಸಕಲೇಶಪುರದೊಳಗೆ ಓಡಿಸುವಾಗ ಏನೂ ತೊಂದರೆ ಇಲ್ಲ. ಮಂಗಳೂರಿಂದ ವಾಪಸ್ ಬರುವಾಗ ಗುಂಡ್ಯ ದಾಟಿ ಶಿರಾಡಿ ಏರು ಶುರುವಾದ ಮೇಲೆ ಮೂರನೇ ಗೇರಲ್ಲಿ ಪೂರ್ತಿ ತುಳಿದರೆ ಒಂದು ಕ್ಷಣ ಜೋರಾಗಿ ಎಳೆಯುತ್ತೆ, ತಕ್ಷಣ ದಮ್ಮೇ ಇಲ್ಲದಂಗೆ ಆಗಿಬಿಡುತ್ತೆ. ಚೆಕ್ ಎಂಜಿನ್ ಲೈಟ್ ಬರುತ್ತೆ, ಸ್ಕ್ಯಾನರಲ್ಲಿ ಪಿ0234 ಕೋಡ್, ಅಂದ್ರೆ ಟರ್ಬೊ ಬೂಸ್ಟ್ (ಎಂಜಿನ್ನಿಗೆ ತುಂಬುವ ಗಾಳಿಯ ಒತ್ತಡ) ಮಿತಿ ಮೀರಿದೆ ಅಂತ. ಪಕ್ಕಕ್ಕೆ ನಿಲ್ಲಿಸಿ ಕೀ ಆಫ್ ಮಾಡಿ ಆನ್ ಮಾಡಿದರೆ ಮತ್ತೆ ಸರಿ. ಹೋದ ವಾರ ಲಾರಿ ಓವರ್‌ಟೇಕ್ ಮಾಡುವಾಗಲೇ ಹೀಗಾಯ್ತು, ಅಮ್ಮ ಹಿಂದೆ ಕೂತಿದ್ರು. ಅವತ್ತಿಂದ ಘಾಟಿ ಅಂದ್ರೆ ಭಯ. ಗ್ಯಾರೇಜಲ್ಲಿ ಟರ್ಬೊ ಬದಲಿಸಿ ಅಂತಾರೆ. ವೇಸ್ಟ್‌ಗೇಟ್ ತೆರೆಯೋ ಆಕ್ಚುಯೇಟರ್ ರಾಡಿನ ನಟ್ ತಿರುಗಿಸಿ ನಾನೇ ಬೂಸ್ಟ್ ಇಳಿಸಬಹುದಾ?

ಹಳೇ ಪಾನಾ:
ನಟ್ ಈಗಲೇ ಮುಟ್ಟಬೇಡಿ ಸರ್. ವೇಸ್ಟ್‌ಗೇಟ್ ಫ್ಲಾಪ್ (ಹೆಚ್ಚಾದ ಹೊಗೆಯನ್ನ ಪಕ್ಕಕ್ಕೆ ಬಿಡೋ ಬಾಗಿಲು) ಬಿಗಿ ಹಿಡಿದಿದ್ದರೆ ರಾಡ್ ಉದ್ದ ಮಾಡಿ ಏನೂ ಸಿಗಲ್ಲ. ಇವತ್ತು ಸರಿ ಅನ್ಸುತ್ತೆ, ಇನ್ನೊಂದು ಘಾಟಿ ಏರಲ್ಲಿ ಮತ್ತೆ ಅದೇ ಕಥೆ.

ಮೊದಲು ನಿಮ್ಮದು 75 ಪಿಎಸ್ ಎಂಜಿನ್ನಾ, 90 ಪಿಎಸ್ಸಾ ಹೇಳಿ. 90ರದ್ದರಲ್ಲಿ ವೇನ್ (ಒಳಗಿನ ರೆಕ್ಕೆ) ತಿರುಗುವ ಟರ್ಬೊ, ವೇಸ್ಟ್‌ಗೇಟೇ ಇರಲ್ಲ. 75 ಆದ್ರೆ ಮುಂದೆ ಓದಿ.

ಟರ್ಬೊದ ಗಾಳಿ ಸಣ್ಣ ಪೈಪಲ್ಲಿ ಆಕ್ಚುಯೇಟರ್ ಡಬ್ಬಿಗೆ ಬಂದು ಡಯಾಫ್ರಮ್ (ಒಳಗಿನ ರಬ್ಬರ್ ಪರದೆ) ಒತ್ತುತ್ತೆ. ಸ್ಪ್ರಿಂಗ್ ಸೋತಾಗ ರಾಡ್ ಹೊರಗೆ ಬಂದು ಫ್ಲಾಪ್ ತೆರೆಯುತ್ತೆ, ಹೊಗೆ ಟರ್ಬೈನ್ ಬಿಟ್ಟು ಬೇರೆ ದಾರಿ ಹಿಡಿಯುತ್ತೆ. ಊರೊಳಗೆ ನಿಧಾನಕ್ಕೆ ಓಡಿಸಿದರೆ ಆ ಫ್ಲಾಪಿಗೆ ಕೆಲಸವೇ ಇರಲ್ಲ. ಮಳೆಗಾಲದ ತೇವ, ಮಸಿ ಎರಡೂ ಸೇರಿ ಅದರ ಶಾಫ್ಟ್ ಹಿಡಿದುಕೊಳ್ಳುತ್ತೆ. ಘಾಟಿಯಲ್ಲಿ ತೆರೆಯಬೇಕಾದಾಗ ತೆರೆಯಲ್ಲ, ಬೂಸ್ಟ್ ಮಿತಿ ಮೀರುತ್ತೆ, ಇಸಿಯು (ಎಂಜಿನ್ ಕಂಪ್ಯೂಟರ್) ಡೀಸೆಲ್ ಕಡಿಮೆ ಮಾಡುತ್ತೆ. ನಿಮಗೆ ಆಗ್ತಿರೋದು ಅದೇ ಅನ್ಸುತ್ತೆ. ಆದರೆ ಆ ಸಣ್ಣ ಪೈಪ್ ಬಿರುಕು ಬಿಟ್ಟಿದ್ದರೂ, ಕಳಚಿದ್ದರೂ ಇದೇ ಲಕ್ಷಣ. ಐದು ನಿಮಿಷದ ಕೆಲಸ, ಅದನ್ನ ಮೊದಲು ನೋಡಿ.

ಆಮೇಲೆ ಎಂಜಿನ್ ಪೂರ್ತಿ ತಣ್ಣಗಿದ್ದಾಗ ರಾಡಿನ ತುದಿಯ ಕ್ಲಿಪ್ ತೆಗೀರಿ. ಮೇಲೆ ಬಟ್ಟೆ ಹಿಡ್ಕೊಳ್ಳಿ, ಹಾರಿದರೆ ಸಿಗಲ್ಲ. ರಾಡ್ ಬಿಡಿಸಿ, ಶಾಫ್ಟಿನ ಕೈಯನ್ನ ಬೆರಳಲ್ಲಿ ಆಡಿಸಿ. ಎಲ್ಲೂ ತಡೆಯಿಲ್ಲದೆ ಓಡಾಡಬೇಕು. ಡಬ್ಬಿಯನ್ನ ಬೇರೆಯಾಗಿ, ಗೇಜ್ ಇರೋ ಕೈಪಂಪಲ್ಲಿ ನಿಧಾನಕ್ಕೆ ಗಾಳಿ ಕೊಟ್ಟು ಪರೀಕ್ಷೆ ಮಾಡಿ. ಟೈರಿಗೆ ಗಾಳಿ ಹಾಕೋ ಕಂಪ್ರೆಸರ್ ನೇರ ಕೊಟ್ಟರೆ ಡಯಾಫ್ರಮ್ ಹರಿದುಹೋಗುತ್ತೆ. ಗಾಳಿ ನಿಲ್ಲಬೇಕು, ಮುಳ್ಳು ಇಳೀತಾ ಹೋದ್ರೆ ಡಬ್ಬಿ ಹೋಗಿದೆ ಅಂತ ಅರ್ಥ. ರಾಡಿನ ಲಾಕ್‌ನಟ್ಟಿನ ಹತ್ತಿರದ ಫೋಟೊ ಹಾಕಿ.

ಮಲೆನಾಡ್ ಡೀಸೆಲ್:
75 ಪಿಎಸ್ಸೇ ಸರ್. ಪೈಪ್ ಚೆನ್ನಾಗಿದೆ. ಡಬ್ಬಿಯಲ್ಲಿ ಗಾಳಿ ನಿಲ್ಲುತ್ತೆ, ರಾಡ್ ಸಲೀಸಾಗಿ ಬರುತ್ತೆ. ಆದರೆ ಶಾಫ್ಟಿನ ಕೈ ಒಂದು ಬೆರಳಿಗೆ ಅಲ್ಲಾಡಲ್ಲ. ಎರಡು ಬೆರಳಲ್ಲಿ ಒತ್ತಿದರೆ ಅರ್ಧಕ್ಕೆ ಬಂದು ನಿಂತು, ಆಮೇಲೆ ಟಕ್ ಅಂತ ಬಿಡುತ್ತೆ. ಬುಶ್ (ಶಾಫ್ಟ್ ಕೂರೋ ಬಳೆ) ಹತ್ತಿರ ಕೆಂಪು ಪುಡಿ ಉದುರ್ತಿದೆ. ಫೋಟೊ ಹಾಕಿದೀನಿ.

ಹಳೇ ಪಾನಾ:
ಆ ಟಕ್ ಅನ್ನೋ ಜಾಗವೇ ಕಾಯಿಲೆ. ಇನ್ನೊಂದು ಗಮನಿಸಿದೆ. ನಟ್ ಮೇಲಿನ ಹಳದಿ ಪೇಂಟ್ ಒಡೆದಿದೆ. ಯಾರೋ ಮೊದಲೇ ನಟ್ ತಿರುಗಿಸಿ ರಾಡ್ ಗಿಡ್ಡ ಮಾಡಿರಬೇಕು. ಪಿಕಪ್ ಬರಲಿ ಅಂತ ಹೀಗೆ ಮಾಡೋರು ಬಹಳ ಜನ, ನನಗೆ ನಿಜಕ್ಕೂ ಬೇಜಾರಾಗೋದು ಇದಕ್ಕೇ. ರಾಡ್ ಗಿಡ್ಡ ಆದಷ್ಟು ಸ್ಪ್ರಿಂಗ್ ಬಿಗಿಯಾಗುತ್ತೆ, ಫ್ಲಾಪ್ ತಡವಾಗಿ ತೆರೆಯುತ್ತೆ.

ತುಕ್ಕು ಬಿಡಿಸೋ ಸ್ಪ್ರೇ ಶಾಫ್ಟಿನ ಬುಡಕ್ಕೆ ಮಾತ್ರ ಹೊಡೆದು ರಾತ್ರಿ ಬಿಡಿ. ಡಬ್ಬಿಯ ರಬ್ಬರಿಗೆ ತಾಗಬಾರದು. ಬೆಳಿಗ್ಗೆ ಹಿಂದೆ ಮುಂದೆ ಆಡಿಸಿ, ಮತ್ತೆ ಹೊಡೀರಿ, ಮತ್ತೆ ಆಡಿಸಿ. ಸುತ್ತಿಗೆ ಬೇಡ. ಸಾದಾ ಗ್ರೀಸೂ ಬೇಡ, ಆ ಬಿಸಿಗೆ ಸುಟ್ಟು ಅದೇ ಮಸಿಯಾಗುತ್ತೆ. ತಣ್ಣಗಿದ್ದಾಗ ಸಲೀಸಾಗಿದ್ದು ಬಿಸಿಯಾದ ಮೇಲೆ ಹಿಡಿದುಕೊಂಡರೆ ಬುಶ್ ಕೆಟ್ಟಿದೆ, ಟರ್ಬೊ ಬಿಚ್ಚಲೇಬೇಕು.

ಕೈ ಸಡಿಲಾದ ಮೇಲಷ್ಟೇ ನಟ್. ಈಗಿರೋ ಜಾಗಕ್ಕೆ ಪೇಂಟ್ ಗುರುತು ಹಾಕಿ. ಫ್ಲಾಪ್ ಮುಚ್ಚಿ ಹಿಡಿದಾಗ ರಾಡಿನ ತೂತು ಪಿನ್ನಿಗೆ ಒಂದೆರಡು ಮಿ.ಮೀ. ಸಾಲದೆ ಬರಬೇಕು, ಎಳೆದು ಸಿಕ್ಕಿಸುವಷ್ಟು. ರಾಡ್ ತಿರುಗದಂತೆ ಹಿಡ್ಕೊಂಡು ತುದಿಯನ್ನ ಅರ್ಧರ್ಧ ಸುತ್ತು ತಿರುಗಿಸಿ, ಇಲ್ಲಾಂದ್ರೆ ಒಳಗೆ ಡಯಾಫ್ರಮ್ ತಿರುಚುತ್ತೆ. ಸಿಕ್ಕಿಸುವಾಗ ಪಂಪಲ್ಲಿ ಸ್ವಲ್ಪ ಗಾಳಿ ಕೊಡಿ, ರಾಡ್ ತಾನೇ ಮುಂದೆ ಬರುತ್ತೆ. ಎಷ್ಟು ಒತ್ತಡಕ್ಕೆ ಎಷ್ಟು ಮಿ.ಮೀ. ಅನ್ನೋದು ಟರ್ಬೊ ನಂಬರಿನ ಪ್ರಕಾರ ಸರ್ವಿಸ್ ಮ್ಯಾನುವಲಲ್ಲಿ ಇರುತ್ತೆ, ಕೊನೆಯ ಅಳತೆ ಅದೇ.

ಕರಾವಳಿ ರೈಡರ್:
ಮಧ್ಯೆ ಬಾಯಿ ಹಾಕ್ತಿದೀನಿ. ನನ್ನ ಪೆಟ್ರೋಲ್ ಟರ್ಬೊದಲ್ಲಿ ಆಕ್ಚುಯೇಟರಿಗೆ ವೈರ್ ಕನೆಕ್ಟರ್ ಇದೆ. ಅದಕ್ಕೂ ಹೀಗೇನಾ?

ಹಳೇ ಪಾನಾ:
ಇಲ್ಲ, ಅದು ಎಲೆಕ್ಟ್ರಿಕ್. ಒಳಗೆ ಪೊಸಿಶನ್ ಸೆನ್ಸರ್ ಇರುತ್ತೆ. ಸ್ಕ್ಯಾನರ್ ಇಲ್ಲದೆ ರಾಡ್ ತಿರುಗಿಸಿದರೆ ಕಲಿತ ಅಳತೆ ತಪ್ಪಿಹೋಗುತ್ತೆ.

ಮಲೆನಾಡ್ ಡೀಸೆಲ್:
ಎರಡು ರಾತ್ರಿ ನೆನೆಸಿದೆ ಸರ್. ಈಗ ಕಿರುಬೆರಳಿಗೂ ಆಡುತ್ತೆ, ಬಿಸಿಯಾದ ಮೇಲೂ ನೋಡಿದೆ. ಮೊದಲ ಓನರಿಗೆ ಫೋನ್ ಮಾಡಿದೆ, ನಟ್ ತಿರುಗಿಸಿಸಿದ್ದು ಹೌದಂತೆ. ತುದಿಯನ್ನ ಎರಡೂವರೆ ಸುತ್ತು ತಿರುಗಿಸಿ ರಾಡ್ ಉದ್ದ ಮಾಡಿದೀನಿ. ಸ್ಕ್ಯಾನರಲ್ಲಿ ಎಂಜಿನ್ ಆಫ್ ಇದ್ದರೂ ಬೂಸ್ಟ್ ಒತ್ತಡ 91 ತೋರಿಸ್ತಿದೆ, ಸೆನ್ಸರ್ ಕೆಟ್ಟಿದೆಯಾ?

ಹಳೇ ಪಾನಾ:
ಕೆಟ್ಟಿಲ್ಲ. ಅದು ನಿಮ್ಮೂರಿನ ಗಾಳಿಯ ಒತ್ತಡ, ಕಿಲೋಪ್ಯಾಸ್ಕಲಲ್ಲಿ. ಮಂಗಳೂರಲ್ಲಿ ನೋಡಿದರೆ 100ರ ಮೇಲೆ ಇರುತ್ತೆ. ಓಡಿಸುವಾಗ ಕಾಣೋ ಅಂಕಿಯಿಂದ ಆ ಜಾಗದ ಗಾಳಿಯ ಒತ್ತಡ ಕಳೆದರೆ ಟರ್ಬೊ ಕೊಡೋ ಬೂಸ್ಟ್ ಸಿಗುತ್ತೆ. ಪಕ್ಕದಲ್ಲಿ ಯಾರನ್ನಾದರೂ ಕೂರಿಸಿಕೊಂಡು ಅವರಿಂದಲೇ ಅಂಕಿ ಓದಿಸಿ.

ಮಲೆನಾಡ್ ಡೀಸೆಲ್:
ಭಾನುವಾರ ಗುಂಡ್ಯದಿಂದ ಮೇಲೆ ಬಂದೆ, ತಮ್ಮ ಪಕ್ಕದಲ್ಲಿ ಕೂತು ಓದ್ತಾ ಇದ್ದ. ಮೊದಲು 250 ದಾಟುತ್ತಿದ್ದದ್ದು ಈಗ 212ಕ್ಕೆ ನಿಲ್ಲುತ್ತೆ. ಘಾಟಿಯ ಮೇಲಿನ ಮಾರನಹಳ್ಳಿವರೆಗೂ ಲೈಟ್ ಬರಲಿಲ್ಲ. ಲಾಕ್‌ನಟ್ ಬಿಗಿ ಮಾಡಿ ಹೊಸ ಪೇಂಟ್ ಹಚ್ಚಿದೀನಿ ಸರ್, ಫೋಟೊ ಕೆಳಗಿದೆ.