ಗ್ರೀನ್ ಟೀ ಕುಡಿದರೆ ಒತ್ತಡವೂ ಬಿ.ಪಿ.ಯೂ ಇಳಿಯುತ್ತವೆಯೇ?

ಸಂಜೆಮಲ್ಲಿಗೆ (ಪ್ರಶ್ನೆ)

ನಮ್ಮ ಯಜಮಾನರು ಕಳೆದ ವರ್ಷದಿಂದ ಬಿ.ಪಿ.ಗೆಂದು ಬೆಳಿಗ್ಗೆ ಒಂದು ಟೆಲ್ಮಿಸಾರ್ಟನ್ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ. ಮನೆಯಲ್ಲಿ ನೋಡಿದಾಗ 138/88ರ ಆಸುಪಾಸಿನಲ್ಲಿರುತ್ತದೆ. ಕಚೇರಿಯಲ್ಲಿ ಲೆಕ್ಕಪತ್ರ ಮುಗಿಸುವ ಗಡಿಬಿಡಿಯಿದ್ದಾಗ ಇನ್ನೂ ಏರುತ್ತದೆ. ಸಂಜೆಯ ಫಿಲ್ಟರ್ ಕಾಫಿಯ ಬದಲು ಗ್ರೀನ್ ಟೀ ಕುಡಿದರೆ ಕ್ರಮೇಣ ಮಾತ್ರೆಯನ್ನೇ ಬಿಡಬಹುದು ಎಂದು ಅವರ ಸಹೋದ್ಯೋಗಿಯೊಬ್ಬರು ಹೇಳಿದ್ದಾರೆ. ಅದರಲ್ಲಿರುವ ಥಿಯಾನಿನ್ ಮನಸ್ಸನ್ನು ಶಾಂತಗೊಳಿಸುತ್ತದೆಂದು ಓದಿದ್ದೇನೆ. ಆದರೆ ಅದರಲ್ಲಿ ಕೆಫೀನ್ ಕೂಡ ಇದೆಯಲ್ಲವೇ? ಕೊನೆಗೆ ಯಾವುದರ ಕೈ ಮೇಲಾಗುತ್ತದೆ ಎಂಬುದನ್ನು ತಿಳಿದವರು ದಯವಿಟ್ಟು ವಿವರಿಸಬೇಕು.

ಔಷಧಶಾಸ್ತ್ರಿ

ಥಿಯಾನಿನ್ ಎಂಬುದು ಚಹಾ ಗಿಡದ ಬೇರಿನಲ್ಲಿ ತಯಾರಾಗಿ ಎಲೆಗೆ ಸಾಗುವ ಅಮೈನೋ ಆಮ್ಲ; 1949ರಲ್ಲಿ ಜಪಾನಿನಲ್ಲಿ ಗ್ಯೊಕುರೊ ಎಂಬ ಗ್ರೀನ್ ಟೀಯಿಂದ ಇದನ್ನು ಮೊದಲು ಬೇರ್ಪಡಿಸಿದರು. ರಚನೆಯಲ್ಲಿ ಇದು ನರಕೋಶಗಳನ್ನು ಉದ್ದೀಪಿಸುವ ಗ್ಲುಟಮೇಟ್ ಅನ್ನು ಹೋಲುತ್ತದೆ ಮತ್ತು ರಕ್ತದಿಂದ ಮಿದುಳಿಗೆ ದಾಟಬಲ್ಲದು. 2007ರ ಒಂದು ಪ್ರಯೋಗದಲ್ಲಿ 200 ಮಿಲಿಗ್ರಾಂ ಥಿಯಾನಿನ್ ಸೇವಿಸಿದವರಿಗೆ ಮನಸ್ಸಿನಲ್ಲೇ ಲೆಕ್ಕ ಮಾಡುವ ಕಠಿಣ ಕೆಲಸ ಕೊಟ್ಟಾಗ ಹೃದಯಬಡಿತ ಅಷ್ಟಾಗಿ ಏರಲಿಲ್ಲ. 2012ರ ಇನ್ನೊಂದು ಪ್ರಯೋಗದಲ್ಲಿ, ಒತ್ತಡಕ್ಕೆ ಬಿ.ಪಿ. ಬೇಗ ಏರುವ ಸ್ವಭಾವದವರಲ್ಲಿ ಮಾತ್ರ ಆ ಏರಿಕೆ ತಗ್ಗಿತು. 250 ಮಿಲಿಗ್ರಾಂ ಕೆಫೀನ್ ಜೊತೆಗೆ 200 ಮಿಲಿಗ್ರಾಂ ಥಿಯಾನಿನ್ ಕೊಟ್ಟ 2008ರ ಪ್ರಯೋಗದಲ್ಲಂತೂ, ಕೆಫೀನ್ ಬಿ.ಪಿ.ಯನ್ನು ಏರಿಸುವುದನ್ನು ಥಿಯಾನಿನ್ ತಡೆಯಿತು.

ಇವೆಲ್ಲ ನಿಜವಾದರೂ ಪ್ರಮಾಣವನ್ನು ಗಮನಿಸಬೇಕು. ಸಾಮಾನ್ಯ ಗ್ರೀನ್ ಟೀಯ ಒಂದು ಕಪ್ಪಿನಲ್ಲಿ ಥಿಯಾನಿನ್ ಇರುವುದು ಸುಮಾರು 10ರಿಂದ 20 ಮಿಲಿಗ್ರಾಂ. ಪ್ರಯೋಗದ ಪ್ರಮಾಣವನ್ನು ಮುಟ್ಟಬೇಕಾದರೆ ಕನಿಷ್ಠ ಹತ್ತು ಕಪ್ ಕುಡಿಯಬೇಕು. ಕಪ್ಪಿಗೆ 30 ಮಿಲಿಗ್ರಾಂ ಎಂದರೂ ಅಷ್ಟರಲ್ಲಿ 300 ಮಿಲಿಗ್ರಾಂ ಕೆಫೀನ್ ಹೊಟ್ಟೆ ಸೇರಿರುತ್ತದೆ. ಅಷ್ಟು ಕುಡಿದವರಿಗೆ ರಾತ್ರಿ ನಿದ್ದೆಯೂ ಬಾರದು, ಒತ್ತಡವೂ ಇಳಿಯದು.

ರಕ್ತನಾಳಗಳ ಮೇಲೆ ಕೆಲಸ ಮಾಡುವವು ಚಹಾ ಎಲೆಯಲ್ಲೇ ಇರುವ ಕ್ಯಾಟೆಚಿನ್‌ಗಳೆಂಬ ಸಂಯುಕ್ತಗಳು, ಅವುಗಳಲ್ಲಿ ಮುಖ್ಯವಾಗಿ ಇಜಿಸಿಜಿ ಎಂಬುದು. ರಕ್ತನಾಳದ ಒಳಪದರದಲ್ಲಿ ನೈಟ್ರಿಕ್ ಆಕ್ಸೈಡ್ ಹೆಚ್ಚುವಂತೆ ಮಾಡಿ, ನಾಳ ಸಡಿಲಗೊಳ್ಳಲು ಅವು ನೆರವಾಗುತ್ತವೆ. ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದಾಗ ಮೇಲಿನ ಅಂಕಿಯಲ್ಲಿ ಕಂಡ ಇಳಿಕೆ ಸರಾಸರಿ 2 ಮಿಲಿಮೀಟರ್‌ನಷ್ಟು (138 ಇದ್ದದ್ದು 136 ಆದಂತೆ), ಅದೂ ವಾರಗಟ್ಟಲೆ ನಿತ್ಯ ಸೇವಿಸಿದ ಮೇಲೆ. ಊಟದ ಉಪ್ಪಿನಕಾಯಿ, ಹಪ್ಪಳಗಳನ್ನು ಕಡಿಮೆ ಮಾಡಿದರೆ ಇದಕ್ಕಿಂತ ಹೆಚ್ಚೇ ಇಳಿಯಬಹುದು.

ನೀಲಗಿರಿನಂಟು

ಎಲೆಯ ಬಗ್ಗೆ ಒಂದು ಮಾತು ಸೇರಿಸುತ್ತೇನೆ. ಬಿಸಿಲು ಬಿದ್ದಂತೆಲ್ಲ ಎಲೆಯಲ್ಲಿ ಥಿಯಾನಿನ್ ಕರಗಿ ಕ್ಯಾಟೆಚಿನ್ ಹೆಚ್ಚುತ್ತದೆ. ಗ್ಯೊಕುರೊ ಮತ್ತು ಮಾಚ್ಚಾ (ಪುಡಿಮಾಡಿದ ಜಪಾನಿ ಗ್ರೀನ್ ಟೀ) ಎಲೆಗಳನ್ನು ಕೊಯ್ಲಿಗೆ ಮುಂಚೆ ಸುಮಾರು ಮೂರು ವಾರ ನೆರಳಿನಲ್ಲಿ ಬೆಳೆಸುವುದರಿಂದ ಅವುಗಳಲ್ಲಿ ಥಿಯಾನಿನ್ ಉಳಿದುಕೊಳ್ಳುತ್ತದೆ. ನಮ್ಮ ಅಂಗಡಿಗಳ ಡಿಪ್ ಬ್ಯಾಗಿನಲ್ಲಿರುವುದು ಹೆಚ್ಚಾಗಿ ಬಿಸಿಲಿನಲ್ಲಿ ಬೆಳೆದ ಎಲೆಯ ಪುಡಿ. ಮಾಮೂಲಿ ಟೀಯಂತೆ ಅದನ್ನು ಒಲೆಯ ಮೇಲೆ ಕುದಿಸಿದರೆ ಕೆಫೀನ್ ಮತ್ತು ಕಹಿ ಪೂರ್ತಿಯಾಗಿ ಇಳಿಯುತ್ತವೆ, ಆಮೇಲೆ ಕಹಿ ಮರೆಸಲು ಸಕ್ಕರೆ ಹಾಕಬೇಕಾಗುತ್ತದೆ! 70–80 ಡಿಗ್ರಿಯ ನೀರಿನಲ್ಲಿ ಎರಡು ನಿಮಿಷ ನೆನೆಸಿದರೆ ಸಾಕು. ತಣ್ಣೀರಿನಲ್ಲಿ ನೆನೆಸಿಟ್ಟರೆ ಥಿಯಾನಿನ್ ಚೆನ್ನಾಗಿಯೇ ಇಳಿಯುತ್ತದೆ, ಕೆಫೀನ್ ಕಡಿಮೆ ಬರುತ್ತದೆ; ಸಂಜೆಯ ವೇಳೆಗೆ ಅದು ಒಳ್ಳೆಯದು.

ಹೊಳೆದಂಡೆ

ಕಾಫಿ ಬಿಡಬೇಕೇ ಎಂಬುದಕ್ಕೆ 2022ರಲ್ಲಿ ಪ್ರಕಟವಾದ ಜಪಾನಿನ ದೀರ್ಘಕಾಲದ ಅಧ್ಯಯನವೊಂದನ್ನು ನೋಡಬಹುದು. ಬಿ.ಪಿ. 160/100 ಅಥವಾ ಅದಕ್ಕಿಂತ ಹೆಚ್ಚಿದ್ದು ದಿನಕ್ಕೆ ಎರಡು ಅಥವಾ ಹೆಚ್ಚು ಕಪ್ ಕಾಫಿ ಕುಡಿಯುತ್ತಿದ್ದವರಲ್ಲಿ, ಕಾಫಿ ಕುಡಿಯದವರಿಗೆ ಹೋಲಿಸಿದರೆ, ಹೃದಯ ಮತ್ತು ರಕ್ತನಾಳದ ಕಾಯಿಲೆಗಳಿಂದ ಸಾಯುವ ಅಪಾಯ ಸುಮಾರು ಎರಡು ಪಟ್ಟಿತ್ತು. ಗ್ರೀನ್ ಟೀ ಕುಡಿಯುವವರಲ್ಲಿ ಆ ಹೆಚ್ಚಳ ಕಾಣಲಿಲ್ಲ. ಇದು ಜನರ ಅಭ್ಯಾಸವನ್ನು ಗಮನಿಸಿ ಹೇಳಿದ್ದೇ ಹೊರತು ಕಾರಣವನ್ನು ಸಾಬೀತುಪಡಿಸಿದ್ದಲ್ಲ. ನಿಮ್ಮ ಯಜಮಾನರ ಅಂಕಿ ಆ ಮಟ್ಟದಲ್ಲಿಲ್ಲವಾದ್ದರಿಂದ, ಬೆಳಗಿನ ಒಂದು ಲೋಟ ಕಾಫಿಯನ್ನು ಕಿತ್ತುಕೊಳ್ಳಬೇಡಿ ಎಂಬುದು ನನ್ನ ಅಭಿಪ್ರಾಯ.

ಸಂಜೆಮಲ್ಲಿಗೆ

ಎಲ್ಲರಿಗೂ ಧನ್ಯವಾದಗಳು. ಹಾಗಿದ್ದರೆ ಗ್ರೀನ್ ಟೀ ಸಾರದ ಕ್ಯಾಪ್ಸೂಲ್ ತೆಗೆದುಕೊಂಡರೆ ಪ್ರಮಾಣದ ತೊಂದರೆ ನೀಗುವುದಿಲ್ಲವೇ?

ಔಷಧಶಾಸ್ತ್ರಿ

ಬೇಡ, ಮೇಡಂ. ಪೂರಕ ಮಾತ್ರೆಗಳ ಮೂಲಕ ದಿನಕ್ಕೆ 800 ಮಿಲಿಗ್ರಾಂ ಅಥವಾ ಹೆಚ್ಚು ಇಜಿಸಿಜಿ ಸೇವಿಸಿದವರಲ್ಲಿ ಯಕೃತ್ತಿಗೆ ತೊಂದರೆಯಾಗುವ ಸೂಚನೆಗಳು ಕಂಡಿವೆಯೆಂದು ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರವು 2018ರಲ್ಲಿ ಎಚ್ಚರಿಸಿದೆ. ಕೆಲವು ಔಷಧಗಳ ಹೀರುವಿಕೆಗೂ ಗ್ರೀನ್ ಟೀ ಅಡ್ಡಬರುತ್ತದೆ: ನಾಡೊಲಾಲ್ ಎಂಬ ಬಿ.ಪಿ. ಔಷಧ ರಕ್ತಕ್ಕೆ ಸೇರುವ ಪ್ರಮಾಣ ಒಂದು ಪ್ರಯೋಗದಲ್ಲಿ ಸುಮಾರು 85 ಶೇಕಡಾ ಕುಸಿದಿತ್ತು. ಯಜಮಾನರು ತೆಗೆದುಕೊಳ್ಳುವುದು ಬೇರೆ ಮಾತ್ರೆಯೇ ಆದರೂ, ಗ್ರೀನ್ ಟೀ ಶುರುಮಾಡಿದ್ದನ್ನು ವೈದ್ಯರಿಗೆ ತಿಳಿಸಿರಿ. ಬಿ.ಪಿ. ನೋಡುವ ಅರ್ಧ ಗಂಟೆ ಮೊದಲಿನಿಂದ ಕಾಫಿ, ಟೀ ಎರಡೂ ಬೇಡ. ಐದು ನಿಮಿಷ ಬೆನ್ನು ಆನಿಸಿ ಸುಮ್ಮನೆ ಕುಳಿತು, ಪಾದಗಳನ್ನು ನೆಲಕ್ಕೆ ಊರಿ, ತೋಳನ್ನು ಎದೆಯ ಮಟ್ಟದಲ್ಲಿಟ್ಟು ನೋಡಬೇಕು. ಹೀಗೆ ಬರೆದಿಟ್ಟ ಅಂಕಿಗಳನ್ನು ನೋಡಿ ಮಾತ್ರೆಯ ವಿಷಯವನ್ನು ವೈದ್ಯರೇ ತೀರ್ಮಾನಿಸಲಿ. ಅಲ್ಲಿಯವರೆಗೆ ಅದನ್ನು ಒಂದು ದಿನವೂ ತಪ್ಪಿಸಬೇಡಿ.