ಎದುರು ಪಾರ್ಟಿಯಿಂದ ಚುನಾವಣೆಗೆ ದುಡ್ಡು ತಗೊಂಡ ಜಡ್ಜ್ ನಮ್ಮ ಕೇಸು ಬಿಡಬೇಕಾ? (ಟೆಕ್ಸಸ್ ಪ್ರಶ್ನೋತ್ತರ)

ಸದಸ್ಯ, ಡಲ್ಲಾಸ್: ಮೇಡಂ, ಮನೆ ಕಟ್ಟಿಕೊಟ್ಟ ಬಿಲ್ಡರ್ ಮೇಲೆ ದಾವೆ ಹಾಕಿದ್ದೇವೆ. ಅವರ ವಕೀಲರು ನಮ್ಮ ಜಡ್ಜ್ ಚುನಾವಣೆಗೆ 1,000 ಡಾಲರ್ ಕೊಟ್ಟಿದ್ದಾರಂತೆ. ಜಡ್ಜ್ ಬದಲಾಗ್ತಾರಾ?

ವಕೀಲರು: ಅಷ್ಟಕ್ಕೇ ಇಲ್ಲ. ಇಲ್ಲಿ ಜಡ್ಜ್‌ಗಳು ಪಕ್ಷದ ಹೆಸರಲ್ಲೇ ಚುನಾವಣೆಗೆ ನಿಲ್ಲೋದು, ವಕೀಲರು ದುಡ್ಡು ಕೊಡೋದು ಮಾಮೂಲು. ಬರೀ ದೇಣಿಗೆ ತೋರಿಸಿದ ಅರ್ಜಿಗಳನ್ನ ಟೆಕ್ಸಸ್ ಕೋರ್ಟುಗಳು ತಳ್ಳಿಹಾಕಿವೆ.

ಸದಸ್ಯ, ಆಸ್ಟಿನ್: ನಾವೇ ಜಡ್ಜ್‌ಗೆ 50 ಡಾಲರ್ ಕಳಿಸಿದ್ರೆ ಅವರು ಕೇಸು ಬಿಡಲೇಬೇಕು ಅಂತ ಫಾರ್ವರ್ಡ್ ಬಂದಿದೆ.

ವಕೀಲರು: ದಯವಿಟ್ಟು ಮಾಡಬೇಡಿ. ನೀವೇ ಹುಟ್ಟಿಸಿದ ಕಾರಣ ನಡೆಯಲ್ಲ. ಆಧಾರವಿಲ್ಲದೆ, ದುರುದ್ದೇಶದಿಂದ ಅರ್ಜಿ ಹಾಕಿದ್ದು ಅಂತಾದ್ರೆ ಎದುರು ವಕೀಲರ ಫೀಸೂ ನಿಮ್ಮ ತಲೆಗೇ.

ಸದಸ್ಯೆ, ಹ್ಯೂಸ್ಟನ್: ಎದುರು ಕಂಪನಿ ಮಾಲೀಕರು ಜಡ್ಜ್‌ಗೆ ನೇರವಾಗಿ ಕೊಟ್ಟಿದ್ದು ಕಮ್ಮಿ. ಆದರೆ ಕೇಸು ನಡೀತಿರುವಾಗಲೇ ಜಡ್ಜ್ ಪರ ಪ್ರಚಾರ ಮಾಡಿದ ಸಮಿತಿಗೆ ಭಾರೀ ಮೊತ್ತ ಹಾಕಿದ್ದಾರೆ.

ವಕೀಲರು: ಇದು ಯೋಚಿಸಬೇಕಾದ ಕೇಸು. ವೆಸ್ಟ್ ವರ್ಜೀನಿಯಾದ ಕೇಪರ್ಟನ್ ಪ್ರಕರಣ ನೋಡಿ. ಮ್ಯಾಸಿ ಕಲ್ಲಿದ್ದಲು ಕಂಪನಿ ಮೇಲೆ 5 ಕೋಟಿ ಡಾಲರ್ ಪರಿಹಾರದ ತೀರ್ಪು ಬಿದ್ದಿತ್ತು. ಮೇಲ್ಮನವಿ ಬರೋದಿತ್ತು, ಅಷ್ಟರಲ್ಲಿ ಅದನ್ನ ಕೇಳೋ ಕೋರ್ಟಿನ ಜಡ್ಜ್ ಸ್ಥಾನಕ್ಕೆ 2004ರ ಚುನಾವಣೆ. ಕಂಪನಿ ಮುಖ್ಯಸ್ಥ ಬ್ಲಾಂಕನ್‌ಶಿಪ್ ಅಭ್ಯರ್ಥಿ ಬೆಂಜಮಿನ್‌ಗೆ ನೇರವಾಗಿ ಕೊಟ್ಟಿದ್ದು ಬರೀ 1,000. ಸಮಿತಿ, ಜಾಹೀರಾತು ಎಲ್ಲ ಸೇರಿದ್ರೆ ಸುಮಾರು 30 ಲಕ್ಷ. ಬೆಂಜಮಿನ್ ಗೆದ್ದು, ಹಿಂದೆ ಸರಿಯದೆ ಕೂತು, 3-2ರಲ್ಲಿ ಕಂಪನಿ ಪರ ಮತ ಹಾಕಿದ್ರು. 2009ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ 5-4ರಲ್ಲಿ, ಅವರು ಸರಿಯಲೇಬೇಕಿತ್ತು ಅಂತು. ಲಂಚ ಸಾಬೀತಾಗಬೇಕಿಲ್ಲ. ಒಟ್ಟು ಖರ್ಚಲ್ಲಿ ಆ ಹಣದ ಪಾಲೆಷ್ಟು, ಗೆಲುವಿಗೆ ಎಷ್ಟು ನೆರವಾಯ್ತು, ಕೇಸು ಆಗಲೇ ಇತ್ತಾ, ಇವನ್ನ ನೋಡ್ತಾರೆ.

ಡಿಸ್ಟ್ರಿಕ್ಟ್ ಜಡ್ಜ್ ಆದ್ರೆ ದೇಣಿಗೆ ಲೆಕ್ಕ ಟೆಕ್ಸಸ್ ಎಥಿಕ್ಸ್ ಕಮಿಷನ್ ಸೈಟಲ್ಲಿ ಸಿಗುತ್ತೆ. ಜಡ್ಜ್ ಹೆಸರಲ್ಲಿ ಮಾತ್ರ ಹುಡುಕಿದ್ರೆ ಸಮಿತಿ ಹಣ ಕಾಣಲ್ಲ, ಸಮಿತಿ ವರದಿ ಬೇರೆ ತೆಗೀರಿ. ಅರ್ಜಿ ಟೆಕ್ಸಸ್ ಸಿವಿಲ್ ಕೇಸುಗಳ ನಿಯಮ 18ಎ ಪ್ರಕಾರ, ಪ್ರಮಾಣ ಮಾಡಿ, ತಾರೀಕು ಮೊತ್ತ ಸಮೇತ. 'ಆದೇಶ ನಮಗೆ ವಿರುದ್ಧ ಬಂತು' ಅನ್ನೋದೊಂದೇ ಕಾರಣ ಆಗಲ್ಲ. ಜಡ್ಜ್ 3 ಕೆಲಸದ ದಿನದೊಳಗೆ ಸರಿಯಬೇಕು, ಇಲ್ಲಾ ಅರ್ಜಿಯನ್ನ ತೀರ್ಮಾನಕ್ಕೆ ಆ ಪ್ರದೇಶದ ಮುಖ್ಯ ಜಡ್ಜ್‌ಗೆ ಕಳಿಸಬೇಕು.

ಸದಸ್ಯ, ಪ್ಲೇನೋ: 2,000 ಕೊಟ್ಟಿದ್ರೆ?

ವಕೀಲರು: ಮೇಲೆ ಓದಿ.

ಸದಸ್ಯ, ಫ್ರಿಸ್ಕೋ: ಇದಕ್ಕೇ ಹೇಳೋದು, ಜಡ್ಜ್‌ಗೆ ಓಟು ಹಾಕಬಾರದು. ಭಾರತದಲ್ಲಿ ನೋಡಿ, 2022ರಲ್ಲಿ ಕೃಷ್ಣಾ ನೀರಿನ ಕೇಸಿಂದ ಸುಪ್ರೀಂ ಕೋರ್ಟ್ ಜಡ್ಜ್‌ಗಳಾದ ಚಂದ್ರಚೂಡ್, ಬೋಪಣ್ಣ ಇಬ್ಬರೂ ತಾವಾಗೇ ಸರಿದರು. ಒಬ್ಬರು ಮಹಾರಾಷ್ಟ್ರ, ಒಬ್ಬರು ಕರ್ನಾಟಕ.

ಸದಸ್ಯ, ಇರ್ವಿಂಗ್: 2015ರಲ್ಲಿ ಅಲ್ಲಿನ ಜಡ್ಜ್‌ಗಳ ನೇಮಕಾತಿ ಆಯೋಗದ ಕೇಸಲ್ಲಿ ಜಡ್ಜ್ ಖೇಹರ್ ಅವರನ್ನ ಸರಿಯಿರಿ ಅಂತ ಕೇಳಿದಾಗ ಸರಿದ್ರಾ? ಅಲ್ಲಿ ಅದನ್ನ ತೀರ್ಮಾನಿಸೋರೂ ಅವರೇ. ಇಲ್ಲಿ ಬೇರೆ ಜಡ್ಜ್ ನೋಡ್ತಾರೆ.

ಫ್ರಿಸ್ಕೋ: ಹೌದಪ್ಪ, ಅವರೂ ಓಟಲ್ಲಿ ಗೆದ್ದವರೇ ತಾನೇ!

ಇರ್ವಿಂಗ್: ಮೊದಲು ಖೇಹರ್ ಪ್ರಶ್ನೆಗೆ ಉತ್ತರ ಕೊಡಿ.

ಸದಸ್ಯೆ, ಕೇಟಿ: ಪ್ರಚಾರದಲ್ಲಿ 'ಬಾಡಿಗೆದಾರರ ಪರ ನಿಲ್ತೀನಿ' ಅಂದಿದ್ದ ಜಡ್ಜ್ ಮುಂದೆ ನಮ್ಮ ಕೇಸಿದೆ. ಏನ್ಮಾಡೋದು?

ವಕೀಲರು: ಭಾರತದ ಜಡ್ಜ್ ನೇಮಕಾತಿ ಜಗಳ ಬೇರೆ ಕಡೆ ಆಡಿ. ಹ್ಯೂಸ್ಟನ್‌ನವರೇ, ಟ್ರಯಲ್ ಯಾವಾಗ?

ಹ್ಯೂಸ್ಟನ್: ಇನ್ನು 8 ದಿನ ಇದೆ.

ವಕೀಲರು: ಇದನ್ನ ಮೊದಲೇ ಹೇಳಬಾರದಿತ್ತೇ! ಕೊನೆ 10 ದಿನದಲ್ಲಿ ಅರ್ಜಿ ಹಾಕೋ ಹಾಗಿಲ್ಲ, ಕಾರಣ ಅದಕ್ಕೆ ಮುಂಚೆ ಗೊತ್ತಿರಲಿಲ್ಲ, ಗೊತ್ತಾಗೋ ಹಾಗೂ ಇರಲಿಲ್ಲ ಅಂತ ತೋರಿಸಿದ್ರೆ ಮಾತ್ರ ಹಾಕಬಹುದು. ಸಮಿತಿ ವರದಿ ಯಾವತ್ತು ಸೈಟಿಗೆ ಬಂತು, ನೀವು ಯಾವತ್ತು ನೋಡಿದ್ರಿ? ಎರಡೂ ತಾರೀಕು ಇವತ್ತೇ ನಿಮ್ಮ ವಕೀಲರಿಗೆ ಕೊಡಿ.

ಆಸ್ಟಿನ್: ಮೇಡಂ, ಆ 50 ಡಾಲರ್ ನಿನ್ನೆನೇ ಕಳಿಸಿಬಿಟ್ಟೆ. ವಾಪಸ್ ಬರುತ್ತಾ?