ರೂಟರ್ ಕೈಯಿಂದ ಕಿತ್ತುಕೊಂಡು ಓಡುವುದೇಕೆ?

ಪ್ರಶ್ನೆ: ನಮಸ್ಕಾರ ಸರ್. ನಾನು ಮನೆಯಲ್ಲಿಯೇ ಸಣ್ಣಪುಟ್ಟ ಮರಗೆಲಸ ಮಾಡಿಕೊಳ್ಳುವವನು. ತೇಗದ ಹಲಗೆಯ ಅಂಚನ್ನು ದುಂಡಗೆ ಮಾಡಲು ಬೇರಿಂಗ್ ಇರುವ ಬಿಟ್ (ಸುತ್ತುತ್ತಾ ಕತ್ತರಿಸುವ ಅಲಗು) ಹಾಕಿ ರೂಟರ್, ಅಂದರೆ ಮರ ಕೆತ್ತುವ ಕೈಯಂತ್ರ ಓಡಿಸಿದರೆ, ಒಮ್ಮೆ ಅದು ಹೇಳಿದಂತೆ ಕೇಳುತ್ತದೆ, ಇನ್ನೊಮ್ಮೆ ಕೈಯಿಂದ ಕಿತ್ತುಕೊಂಡು ಓಡುತ್ತದೆ. ಮೂಲೆಗಳಲ್ಲಿ ಚಕ್ಕೆಯೂ ಏಳುತ್ತದೆ. ಯಂತ್ರದಲ್ಲಿ ದೋಷವಿದೆಯೇ?

ಉತ್ತರ: ಯಂತ್ರದಲ್ಲಿ ದೋಷವಿಲ್ಲ, ನೀವು ಅದನ್ನು ಸಾಗಿಸುತ್ತಿರುವ ದಿಕ್ಕನ್ನು ನೋಡಬೇಕು. ಮೇಲಿನಿಂದ ನೋಡಿದಾಗ ಬಿಟ್ ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿ ತಿರುಗುತ್ತದೆ. ಅದರ ಅಲಗು ಮರವನ್ನು ಎದುರಿಸಿಕೊಂಡು ಸಾಗಿದರೆ ಮರ ತಡೆಯೊಡ್ಡುತ್ತದೆ, ಹಿಡಿತ ನಿಮ್ಮಲ್ಲಿ ಉಳಿಯುತ್ತದೆ. ಅದೇ ದಿಕ್ಕು ತಿರುಗುಮುರುಗಾದರೆ ಅಲಗು ಚಕ್ರದಂತೆ ಮರದ ಮೇಲೆ ಉರುಳಿ ಯಂತ್ರವನ್ನೇ ಎಳೆದೊಯ್ಯುತ್ತದೆ. ಆದ್ದರಿಂದ ಹಲಗೆಯ ಹೊರ ಅಂಚಿನಲ್ಲಿ ಗಡಿಯಾರಕ್ಕೆ ವಿರುದ್ಧವಾಗಿಯೂ, ನಡುವೆ ಕೊರೆದ ಕಿಂಡಿಯ ಒಳ ಅಂಚಿನಲ್ಲಿ ಗಡಿಯಾರದಂತೆಯೂ ಸಾಗಬೇಕು. ಎರಡನ್ನೂ ನೆನಪಿಡುವುದು ಕಷ್ಟವೆನಿಸಿದರೆ, ರೂಟರನ್ನು ನಿಮ್ಮಿಂದ ಮುಂದಕ್ಕೆ ತಳ್ಳುವಾಗ ಕತ್ತರಿಸುವ ಮರ ಅದರ ಎಡಕ್ಕಿದೆಯೇ ಎಂದಷ್ಟೇ ನೋಡಿಕೊಳ್ಳಿ.

ಮೂಲೆಯ ಚಕ್ಕೆಗೆ ಕಾರಣ ಬೇರೆ. ಮರದ ಎಳೆಗೆ ಅಡ್ಡವಾದ ತುದಿಯಲ್ಲಿ ಬಿಟ್ ಹೊರಬರುವಾಗ ಹಿಂದಿನಿಂದ ಆಸರೆಯಿಲ್ಲದ ಎಳೆಗಳು ಸಿಡಿಯುತ್ತವೆ. ಅಡ್ಡ ತುದಿಗಳೆರಡನ್ನೂ ಮೊದಲು ಮುಗಿಸಿ ಉದ್ದದ ಬದಿಗಳನ್ನು ಆಮೇಲೆ ಮಾಡಿದರೆ, ಎದ್ದ ಸಣ್ಣ ಚಕ್ಕೆ ಆ ಬದಿಗಳ ಕೆಲಸದಲ್ಲಿ ಬಹುಮಟ್ಟಿಗೆ ಹೋಗಿಬಿಡುತ್ತದೆ. ಅಡ್ಡ ತುದಿಯನ್ನು ಮಾತ್ರ ಮಾಡುವುದಿದ್ದರೆ, ಹೊರಬರುವ ಮೂಲೆಗೆ ಬೇಡದ ಮರದ ತುಂಡೊಂದನ್ನು ಒತ್ತಿ ಕ್ಲಾಂಪ್ ಹಾಕಿ.

ಪ್ರಶ್ನೆ: ಕಪಾಟಿನ ಪ್ಲೈನಲ್ಲಿ ಶೆಲ್ಫ್ ಕೂರಿಸಲು ಗ್ರೂವ್ (ಉದ್ದನೆಯ ತೋಡು) ಹೊಡೆಯುವಾಗ ನೇರ ಪಟ್ಟಿಯ ಆಸರೆ ಕೊಟ್ಟರೂ ಗೆರೆ ಸೊಟ್ಟಗಾಗುತ್ತದೆ.

ಉತ್ತರ: ನೀವು ಪಟ್ಟಿಯನ್ನು ಬಲಕ್ಕೆ ಕಟ್ಟಿರಬಹುದು. ಮುಂದಕ್ಕೆ ತಳ್ಳುವಾಗ ರೂಟರ್ ಎಡಕ್ಕೆ ವಾಲುತ್ತದೆ. ಪಟ್ಟಿ ಎಡಕ್ಕಿದ್ದರೆ ಆ ಎಳೆತವೇ ಯಂತ್ರವನ್ನು ಪಟ್ಟಿಗೆ ಅಂಟಿಸಿ ಹಿಡಿಯುತ್ತದೆ. ಪಟ್ಟಿಯಿಂದ ಗ್ರೂವಿನ ಅಂಚಿಗೆ ಇರಬೇಕಾದ ಅಂತರವು, ರೂಟರಿನ ತಳದ ವ್ಯಾಸದಲ್ಲಿ ಬಿಟ್ಟಿನ ವ್ಯಾಸ ಕಳೆದು ಉಳಿದದ್ದರ ಅರ್ಧ. ತಳ 150 ಮಿಲಿಮೀಟರ್, ಬಿಟ್ 12 ಮಿಲಿಮೀಟರ್ ಇದ್ದರೆ ಅಂತರ 69 ಮಿಲಿಮೀಟರ್. ಆದರೆ ದುಂಡು ತಳದ ನಡುಮಧ್ಯದಲ್ಲಿಯೇ ಬಿಟ್ ಇರುತ್ತದೆಂದು ನಂಬಬೇಡಿ. ತಳದ ಅಂಚಿನಲ್ಲಿ ಪೆನ್ಸಿಲ್ ಗುರುತು ಹಾಕಿ, ಮೊದಲಿನಿಂದ ಕೊನೆಯವರೆಗೂ ಆ ಗುರುತೇ ಪಟ್ಟಿಗೆ ತಾಗಿರುವಂತೆ ಸಾಗಿಸಿ, ಉಳಿಕೆ ಪ್ಲೈ ತುಂಡಿನ ಮೇಲೆ ಹೊಡೆದು ಅಳೆದುಕೊಳ್ಳಿ. ಆಳವನ್ನು ಒಂದೇ ಸಲಕ್ಕೆ ತೆಗೆಯದೆ, ಪ್ರತಿ ಸಲವೂ ಬಿಟ್ಟಿನ ವ್ಯಾಸದ ಅರ್ಧವನ್ನು ಮೀರದಂತೆ ಇಳಿಯಿರಿ. ತೇಗ, ಹೊನ್ನೆಯಂತಹ ಮರದಲ್ಲಿ ಅದಕ್ಕಿಂತಲೂ ಕಡಿಮೆಯೇ ಲೇಸು.

ಪ್ರಶ್ನೆ: ನನ್ನದು ಬೇರೆ ತೊಂದರೆ ಸರ್. 6 ಮಿಲಿಮೀಟರ್ ಎಂದು ಇಟ್ಟ ಆಳ ಗ್ರೂವಿನ ಕೊನೆಗೆ ಹೋಗುವಷ್ಟರಲ್ಲಿ ಹೆಚ್ಚಾಗಿರುತ್ತದೆ.

ಉತ್ತರ: ಕೆಲಸ ನಿಲ್ಲಿಸಿ, ಪ್ಲಗ್ ಕಿತ್ತು, ಬಿಟ್ ಹೊರತೆಗೆದು ಅದರ ಕಾಂಡವನ್ನು ಬೆಳಕಿಗೆ ಹಿಡಿದು ನೋಡಿ. ಸುತ್ತಲೂ ಗೀರು ಅಥವಾ ಕಂದು ಕಲೆ ಕಂಡರೆ ಅದು ಕಾಲೆಟ್ಟಿನೊಳಗೆ, ಅಂದರೆ ಬಿಟ್ಟನ್ನು ಕಚ್ಚಿ ಹಿಡಿಯುವ ರೂಟರಿನ ಹಿಡಿತದೊಳಗೆ ಜಾರುತ್ತಿದೆ. ನಮ್ಮ ಅಂಗಡಿಗಳಲ್ಲಿ 6 ಮಿಲಿಮೀಟರ್ ಮತ್ತು ಕಾಲು ಇಂಚು, ಅಂದರೆ 6.35 ಮಿಲಿಮೀಟರ್ ಕಾಂಡದ ಬಿಟ್‌ಗಳು ಅಕ್ಕಪಕ್ಕದಲ್ಲಿಯೇ ಸಿಗುತ್ತವೆ. ಕಾಲು ಇಂಚಿನ ಕಾಲೆಟ್ಟಿಗೆ 6 ಮಿಲಿಮೀಟರ್ ಬಿಟ್ ಹಾಕಿ ಎಷ್ಟು ಬಿಗಿದರೂ ಅದು ನೆಚ್ಚುವಂಥದ್ದಲ್ಲ. ನಿಮಿಷಕ್ಕೆ ಇಪ್ಪತ್ತು ಸಾವಿರಕ್ಕೂ ಮಿಗಿಲಾಗಿ ಸುತ್ತುವ ಉಕ್ಕು ಹೊರಗೆ ಹಾರಬಹುದು. ಅಳತೆ ಸರಿಯಿದ್ದರೆ ಕಾಲೆಟ್ಟಿನ ಧೂಳು, ಅಂಟು ಒರೆಸಿ, ಬಿಟ್ ಅದರ ಒಳತುದಿ ಮುಟ್ಟುವವರೆಗೆ ಇಳಿಸಿ, ಎರಡು ಮೂರು ಮಿಲಿಮೀಟರ್ ಮೇಲೆತ್ತಿ ಬಿಗಿಯಿರಿ. ಒಳತುದಿಗೆ ಒತ್ತಿಕೊಂಡೇ ಬಿಗಿದರೆ ಕಾಲೆಟ್ ಸರಿಯಾಗಿ ಕಚ್ಚುವುದಿಲ್ಲ.

ಪ್ರಶ್ನೆ: ಕೈಗವಸು ಹಾಕಿಕೊಳ್ಳಬಹುದೇ?

ಉತ್ತರ: ಬೇಡ. ಬಟ್ಟೆಯ ಎಳೆ ಬಿಟ್ಟಿಗೆ ಸಿಕ್ಕರೆ ಬೆರಳೂ ಜೊತೆಗೆ ಹೋಗುತ್ತದೆ. ಹೆಗಲ ಮೇಲಿನ ಟವೆಲನ್ನೂ ತೆಗೆದಿಡಿ. ಕನ್ನಡಕ ಮತ್ತು ಕಿವಿಗೆ ರಕ್ಷಣೆ ಬೇಕು. ಎಂಡಿಎಫ್ (ಮರದ ನಾರನ್ನು ಒತ್ತಿ ಮಾಡಿದ ಹಲಗೆ) ಆದರೆ ಅದರ ಧೂಳು ಬಹಳ ನಯವಾಗಿರುವುದರಿಂದ ಎನ್95 ಮಾಸ್ಕ್ ಕಡ್ಡಾಯ. ಸ್ವಿಚ್ ಆರಿಸಿದ ಮೇಲೂ ಬಿಟ್ ಕೆಲವು ಕ್ಷಣ ಸುತ್ತುತ್ತಿರುತ್ತದೆ, ಅದು ಪೂರ್ತಿ ನಿಲ್ಲುವವರೆಗೆ ಎರಡೂ ಕೈ ಹಿಡಿಯ ಮೇಲೆಯೇ ಇರಲಿ.